ಒಂದೇ ಪೆಡಲಿನ ಕಾರು ಮತ್ತು ನಮ್ಮ ಘಾಟಿ

ಮಲೆನಾಡಿನವರಾದ ನಮಗೆ ಏರುವುದೂ ಇಳಿಯುವುದೂ ಹುಟ್ಟಿನಿಂದಲೇ ಬಂದ ಕೆಲಸ. ಮನೆಯಿಂದ ತೋಟಕ್ಕೆ ಇಳಿಯಬೇಕು, ತೋಟದಿಂದ ಮನೆಗೆ ಏರಬೇಕು. ಬಸ್ಸು ಹಿಡಿಯಲು ಗುಡ್ಡ ಹತ್ತಬೇಕು. ಸಮುದ್ರ ನೋಡಬೇಕೆಂದರೂ, ರೋಗಿಯನ್ನು ಕೆಳಗಿನ ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂದರೂ ಘಾಟಿಯನ್ನು ಇಳಿಯಲೇಬೇಕು. ಏರುವುದು ಕಷ್ಟ, ಇಳಿಯುವುದು ಸುಲಭ ಎಂದು ಬಯಲುಸೀಮೆಯವರು ಭಾವಿಸುವುದುಂಟು. ಗಾಡಿ ನಡೆಸುವವರನ್ನು ಕೇಳಿದರೆ ಅದು ತಪ್ಪೆಂದು ತಿಳಿಯುತ್ತದೆ. ಏರಲಾರದ ಗಾಡಿ ನಿಂತುಬಿಡುತ್ತದೆ, ಅಷ್ಟೇ. ಇಳಿಯುವಾಗ ನಿಲ್ಲಲಾರದ ಗಾಡಿಯ ಗತಿಯೇನು?

ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುತ್ತಿರುವವಳು. ಆದರೂ ಈ ಲೇಖನವನ್ನು ಬರೆಯಲು ಕಾರಣ ನನ್ನ ಚಿಕ್ಕಪ್ಪ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಆದ್ದರಿಂದ ಪ್ರಪಂಚದ ಸಂದೇಹಗಳೆಲ್ಲವೂ ನನ್ನ ಬಳಿಗೇ ಬರುತ್ತವೆ. ಚಿಕ್ಕಪ್ಪ ಇಪ್ಪತ್ತು ವರ್ಷ ಬಾಡಿಗೆ ಜೀಪು ಓಡಿಸಿದವರು. ನಾಲ್ಕು ವರ್ಷದ ಹಿಂದೆ ಬಾಳೆಗೊನೆ ತುಂಬಿಕೊಂಡು ಘಾಟಿ ಇಳಿಯುವಾಗ ಬ್ರೇಕು ಹಿಡಿಯದೆ ಹೋಯಿತು. ಅವರು ಗಾಡಿಯನ್ನು ಬೇಕೆಂದೇ ಬಲಗಡೆಯ ಧರೆಗೆ ಗುದ್ದಿಸಿ ನಿಲ್ಲಿಸಿದರು. ಎಡಗಡೆ ಕಣಿವೆಯಿತ್ತು. ಕೈ ಮುರಿಯಿತು, ಜೀವ ಉಳಿಯಿತು. ಜೀಪನ್ನು ಸಿಕ್ಕಿದ ಬೆಲೆಗೆ ಮಾರಿದರು. ಅಲ್ಲಿಂದ ಈಚೆಗೆ ಅವರು ತೋಟದ ಕೂಲಿಗೆ ಹೋಗುತ್ತಾರೆಯೇ ಹೊರತು ಸ್ಟಿಯರಿಂಗ್ ಮುಟ್ಟಿರಲಿಲ್ಲ.

ಕಳೆದ ವರ್ಷ ನಮ್ಮ ಕಡಹಿನಬೈಲಿನ ಸಮೀಪದ ತೋಟದ ಯಜಮಾನರೊಬ್ಬರು ವಿದ್ಯುತ್ ಕಾರನ್ನು ಕೊಂಡು, ನಡೆಸಲು ಬರುತ್ತೀಯಾ ಎಂದು ಚಿಕ್ಕಪ್ಪನನ್ನು ಕೇಳಿದರು. ತಿಂಗಳ ಸಂಬಳದ ಕೆಲಸ. ಚಿಕ್ಕಪ್ಪ ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ರಾತ್ರಿ ಊಟವಾದ ಮೇಲೆ ನನ್ನನ್ನು ಕೇಳಿದರು: “ಅಲ್ಲ ಮಾರಾಯ್ತಿ, ಆ ಗಾಡೀಲಿ ಗೇರೇ ಇಲ್ವಂತೆ. ಗೇರೇ ಇಲ್ಲದ ಗಾಡೀಲಿ ಘಾಟಿ ಇಳಿಯೋದು ಹೆಂಗೆ?”

ಈ ಪ್ರಶ್ನೆ ಹುಡುಗಾಟದ್ದಲ್ಲ. ಏರುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕೆಂಬುದು ನಮ್ಮ ಕಡೆಯ ಚಾಲಕರ ಹಳೆಯ ನಿಯಮ. ಅದರ ಅರ್ಥವನ್ನು ಮೊದಲು ತಿಳಿದುಕೊಳ್ಳೋಣ.

ಎತ್ತರದಲ್ಲಿರುವ ಪ್ರತಿಯೊಂದು ವಸ್ತುವಿನಲ್ಲಿಯೂ ಶಕ್ತಿ ಅಡಗಿರುತ್ತದೆ. ನರಸಿಂಹರಾಜಪುರದ ಅಂಚಿನವರೆಗೂ ಹಿನ್ನೀರಾಗಿ ನಿಂತಿರುವ ಭದ್ರೆಯು ಲಕ್ಕವಳ್ಳಿಯ ಅಣೆಕಟ್ಟಿನಿಂದ ಇಳಿಯುವಾಗ ಟರ್ಬೈನನ್ನು ತಿರುಗಿಸಿ ವಿದ್ಯುತ್ತನ್ನು ಕೊಡುತ್ತಾಳೆ. ಘಾಟಿಯ ನೆತ್ತಿಯ ಮೇಲೆ ನಿಂತ ಗಾಡಿಯೂ ಅಣೆಕಟ್ಟಿನಲ್ಲಿ ನಿಂತ ನೀರಿನಂತೆಯೇ. ಅದು ಇಳಿಯತೊಡಗಿದಾಗ ಈ ಶಕ್ತಿಯು ವೇಗವಾಗಿ ಮಾರ್ಪಡಲು ಹವಣಿಸುತ್ತದೆ. ಆ ವೇಗವನ್ನು ತಡೆಯುವುದೇ ಚಾಲಕನ ಕೆಲಸ. ಆದರೆ ಶಕ್ತಿಯನ್ನು ನಾಶಮಾಡಲು ಯಾರಿಂದಲೂ ಸಾಧ್ಯವಿಲ್ಲ. ಅದನ್ನು ಒಂದು ರೂಪದಿಂದ ಮತ್ತೊಂದು ರೂಪಕ್ಕೆ ತಿರುಗಿಸಬಹುದು, ಅಷ್ಟೇ. ಸಾಮಾನ್ಯ ಬ್ರೇಕು ಅದನ್ನು ಉಷ್ಣವಾಗಿ ತಿರುಗಿಸುತ್ತದೆ. ಚಕ್ರದೊಡನೆ ತಿರುಗುವ ಲೋಹಕ್ಕೆ ಬ್ರೇಕಿನ ಪಟ್ಟಿ ಒತ್ತಿ ಉಜ್ಜಿದಾಗ ಅದು ಕಾಯುತ್ತದೆ, ಗಾಡಿ ನಿಧಾನವಾಗುತ್ತದೆ.

ಎಷ್ಟು ಕಾಯುತ್ತದೆ? ಒಂದು ಲೆಕ್ಕ ಮಾಡೋಣ. ಜನರೂ ಸೇರಿ ೧೫೦೦ ಕಿಲೋಗ್ರಾಂ ತೂಕದ ಕಾರು ೧೦ ಕಿಲೋಮೀಟರು ದೂರದಲ್ಲಿ ೫೦೦ ಮೀಟರು ಕೆಳಗಿಳಿಯಿತೆಂದು ಇಟ್ಟುಕೊಳ್ಳಿ. ತೂಕ, ಎತ್ತರ, ಭೂಮಿಯ ಆಕರ್ಷಣೆ ಇವುಗಳನ್ನು ಗುಣಿಸಿದರೆ ಹೊರಬೀಳುವ ಶಕ್ತಿ ಸುಮಾರು ೭೩ ಲಕ್ಷ ಜೂಲು. ಮೀಟರು ಓದುವವರ ಭಾಷೆಯಲ್ಲಿ ಹೇಳುವುದಾದರೆ ಎರಡು ಯೂನಿಟ್ಟು ವಿದ್ಯುತ್ತು. ಟೈರು ಮತ್ತು ಗಾಳಿಯ ತಡೆಗೆ ಅದರಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹೋದರೂ, ಉಳಿದದ್ದನ್ನೆಲ್ಲಾ ಬ್ರೇಕೇ ನುಂಗಬೇಕಾದರೆ ಅದು ಒಂದು ದೊಡ್ಡ ಕೊಡದ ತುಂಬ, ಎಂದರೆ ೧೬–೧೭ ಲೀಟರು ತಣ್ಣೀರನ್ನು ಕುದಿಬಿಂದುವಿಗೆ ತರಲು ಸಾಕಾಗುವಷ್ಟು ಉಷ್ಣ. ಅಷ್ಟೂ ಉಷ್ಣ ಅಂಗೈ ಅಗಲದ ನಾಲ್ಕಾರು ಪಟ್ಟಿಗಳ ಮೇಲೆ ಬೀಳುತ್ತದೆ. ಘಾಟಿಯ ಬಸ್ಸಿನಲ್ಲಿ ಮೂಗಿಗೆ ಬಡಿಯುವ ಸುಟ್ಟ ವಾಸನೆ ಇದರದೇ. ಕಾವು ಮಿತಿಮೀರಿದರೆ ಪಟ್ಟಿಯ ಹಿಡಿತ ಸಡಿಲವಾಗುತ್ತದೆ. ಬ್ರೇಕಿನ ಎಣ್ಣೆ ಕುದಿದು ಅದರಲ್ಲಿ ಆವಿಯ ಗುಳ್ಳೆಗಳೆದ್ದರೆ, ಪೆಡಲನ್ನು ತುಳಿದಾಗ ಹತ್ತಿಯ ಮೇಲೆ ಕಾಲಿಟ್ಟಂತಾಗುತ್ತದೆ.

ಇಂಥ ಆಪತ್ತನ್ನು ತಪ್ಪಿಸುವುದೇ ಕೆಳಗಿನ ಗೇರಿನ ಕೆಲಸ. ಎಂಜಿನನ್ನು ಚಕ್ರಗಳಿಗೆ ಬಿಗಿಯಾಗಿ ಕಟ್ಟಿದರೆ, ಅದನ್ನು ತಿರುಗಿಸುವ ಶ್ರಮದಲ್ಲಿ ಗಾಡಿಯ ವೇಗ ಕುಗ್ಗುತ್ತದೆ, ಬ್ರೇಕಿನ ಮೇಲಿನ ಹೊರೆ ಕಡಿಮೆಯಾಗುತ್ತದೆ. ಆ ದಿನ ಚಿಕ್ಕಪ್ಪ ಮಾಡಿದ ತಪ್ಪು ಯಾವುದೆಂಬುದನ್ನು ಅವರೇ ಒಪ್ಪಿಕೊಂಡಿದ್ದಾರೆ. ಡೀಸೆಲು ಉಳಿಸಬೇಕೆಂದು ನ್ಯೂಟ್ರಲ್ಲಿನಲ್ಲಿ ಬಿಟ್ಟಿದ್ದರು. ಎಂಜಿನಿನ ಕಟ್ಟು ಬಿಚ್ಚಿಹೋಗಿ, ಇಡೀ ಘಾಟಿಯ ಭಾರ ಬ್ರೇಕಿನ ಮೇಲೆ ಬಿತ್ತು. ಇದರಲ್ಲಿ ಇನ್ನೊಂದು ದುಃಖದ ಸಂಗತಿಯಿದೆ. ಈಚಿನ ಎಂಜಿನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರು ಬಿಟ್ಟು ಇಳಿಯುವಾಗ ಇಂಧನದ ಪೂರೈಕೆ ತಾನಾಗಿಯೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನು ಆರದಿರಲೆಂದು ಇಂಧನ ಸುಡುತ್ತಲೇ ಇರಬೇಕು. ಉಳಿತಾಯವೆಂದುಕೊಂಡದ್ದು ಉಳಿತಾಯವೇ ಆಗಿರಲಿಲ್ಲ.

ಈಗ ವಿದ್ಯುತ್ ಕಾರಿಗೆ ಬರೋಣ. ಹಳೆಯ ಸೈಕಲ್ಲಿನ ಡೈನಮೋವನ್ನು ನೋಡಿದವರಿಗೆ ಇದರ ಮರ್ಮ ಅರ್ಧ ತಿಳಿದ ಹಾಗೆಯೇ. ಕತ್ತಲಾದ ಮೇಲೆ ಡೈನಮೋವನ್ನು ಟೈರಿಗೆ ಒತ್ತಿದೊಡನೆ ದೀಪ ಹತ್ತುತ್ತಿತ್ತು, ಜೊತೆಗೇ ಪೆಡಲು ಭಾರವಾಗುತ್ತಿತ್ತು. ಬೆಳಕು ಪುಕ್ಕಟೆ ಬರುತ್ತಿರಲಿಲ್ಲ. ತುಳಿಯುವವನ ಕಾಲಿನಿಂದ ಬರುತ್ತಿತ್ತು. ಕಾಂತದ ಬಳಿ ತಂತಿಯ ಸುರುಳಿ ಚಲಿಸಿದರೆ ವಿದ್ಯುತ್ತು ಹುಟ್ಟುವುದೆಂದು ಮೈಕೇಲ್ ಫ್ಯಾರಡೆಯು ೧೮೩೧ರಲ್ಲಿ ತೋರಿಸಿಕೊಟ್ಟನು. ಹಾಗೆ ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುವುದೆಂಬ ನಿಯಮವನ್ನು ಹೈನ್ರಿಕ್ ಲೆನ್ಜ್ ೧೮೩೪ರಲ್ಲಿ ಹೇಳಿದನು. ಪೆಡಲು ಭಾರವಾಗುವುದು ಈ ವಿರೋಧದಿಂದಲೇ.

ಮೋಟಾರು ಮತ್ತು ಡೈನಮೋ ಎರಡು ಬೇರೆ ಯಂತ್ರಗಳೆಂದು ನಾವು ತಿಳಿದಿರುತ್ತೇವೆ. ತತ್ತ್ವದಲ್ಲಿ ಅವು ಒಂದೇ. ವಿದ್ಯುತ್ತನ್ನು ಕೊಟ್ಟರೆ ತಿರುಗುವುದು ಮೋಟಾರು; ತಿರುಗಿಸಿದರೆ ವಿದ್ಯುತ್ತನ್ನು ಕೊಡುವುದು ಡೈನಮೋ. ವಿದ್ಯುತ್ ಕಾರಿನಲ್ಲಿ ಬ್ಯಾಟರಿಯು ಮೋಟಾರಿಗೆ ವಿದ್ಯುತ್ತನ್ನು ಕೊಡುತ್ತದೆ, ಮೋಟಾರು ಚಕ್ರವನ್ನು ತಿರುಗಿಸುತ್ತದೆ. ಚಾಲಕನು ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದೊಡನೆ ನಡುವೆ ಇರುವ ನಿಯಂತ್ರಕವು ಈ ಕ್ರಮವನ್ನು ತಿರುವುಮುರುವು ಮಾಡುತ್ತದೆ. ಈಗ ಚಕ್ರವು ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಡೈನಮೋ ಆಗಿ ಬ್ಯಾಟರಿಯನ್ನು ತುಂಬುತ್ತದೆ. ಆಗ ಹುಟ್ಟುವ ವಿರೋಧವೇ ಕಾರಿಗೆ ತಡೆಯಾಗುತ್ತದೆ. ಇದನ್ನೇ ರಿಜೆನರೇಟಿವ್ ಬ್ರೇಕಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ನಾವು ಪುನರುತ್ಪಾದಕ ತಡೆ ಎನ್ನಬಹುದು.

ಒಂದೇ ಪೆಡಲಿನ ಚಾಲನೆ ಎಂಬುದು ಇದರ ಮೇಲೆ ಕಟ್ಟಿದ ಒಂದು ಅನುಕೂಲ. ಈ ತಡೆಯನ್ನು ಸಾಕಷ್ಟು ಬಲವಾಗಿ ಇಟ್ಟರೆ, ಆಕ್ಸಿಲರೇಟರನ್ನು ಒತ್ತಿದಾಗ ಕಾರು ಓಡುತ್ತದೆ, ಸ್ವಲ್ಪ ಬಿಟ್ಟರೆ ನಿಧಾನವಾಗುತ್ತದೆ, ಪೂರ್ತಿ ಬಿಟ್ಟರೆ ನಿಂತೇಬಿಡುತ್ತದೆ. ಬಲಗಾಲು ಪದೇ ಪದೇ ಬ್ರೇಕಿನ ಪೆಡಲಿಗೆ ಹೋಗಬೇಕಾಗಿಲ್ಲ. ಹೆಸರು ಕೇಳಿ ಬ್ರೇಕಿನ ಪೆಡಲೇ ಇಲ್ಲವೆಂದು ಯಾರೂ ಭಾವಿಸಬಾರದು. ಅದು ತನ್ನ ಸ್ಥಾನದಲ್ಲಿ ಇದ್ದೇ ಇರುತ್ತದೆ. ಹಿಂದಿನ ಗಾಡಿಯವರಿಗೆ ತಿಳಿಯುವುದು ಹೇಗೆಂಬ ಸಂದೇಹವೂ ಬರಬಹುದು. ಕಾಲು ಬಿಟ್ಟಾಗಲೇ ವೇಗವು ಒಂದು ಮಿತಿಯನ್ನು ಮೀರಿ ಕುಗ್ಗತೊಡಗಿದರೆ ಹಿಂಬದಿಯ ಕೆಂಪು ದೀಪ ತಾನಾಗಿ ಹತ್ತುವಂತೆ ಮಾಡಿರುತ್ತಾರೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಪುನರುತ್ಪಾದಕ ತಡೆಯೂ ಒಂದೇ ಪೆಡಲಿನ ಚಾಲನೆಯೂ ಒಂದೇ ಅಲ್ಲ. ಅನೇಕ ಕಾರುಗಳಲ್ಲಿ ಬ್ರೇಕಿನ ಪೆಡಲನ್ನು ಮೆಲ್ಲಗೆ ಒತ್ತಿದಾಗಲೂ ಮೊದಲು ಮೋಟಾರೇ ತಡೆಯುತ್ತದೆ. ಹೆಚ್ಚು ಒತ್ತಿದರೆ ಮಾತ್ರ ಉಜ್ಜುವ ಬ್ರೇಕು ಸೇರಿಕೊಳ್ಳುತ್ತದೆ. ೧೯೯೭ರಲ್ಲಿ ಜಪಾನಿನಲ್ಲಿ ಹೊರಬಂದ ಟೊಯೋಟಾ ಪ್ರಿಯಸ್ ಈ ಕ್ರಮದ್ದು. ೨೦೧೭ರ ನಿಸ್ಸಾನ್ ಲೀಫ್ ಕಾರು ಇ-ಪೆಡಲ್ ಎಂಬ ಹೆಸರಿನಲ್ಲಿ ಒಂದೇ ಪೆಡಲಿನ ಕ್ರಮವನ್ನು ಪ್ರಸಿದ್ಧಿಗೆ ತಂದಿತು. ಗಳಿಕೆಯನ್ನು ಯಾವ ಪೆಡಲಿನಿಂದ ಪಡೆದರೂ ಗಳಿಕೆಯೇ. ಸಮತಟ್ಟಾದ ಖಾಲಿ ರಸ್ತೆಯಲ್ಲಾದರೆ ಸುಮ್ಮನೆ ಉರುಳಲು ಬಿಡುವುದೇ ಮೇಲು. ಶಕ್ತಿಯನ್ನು ಹಿಂದಕ್ಕೆ ಪಡೆದು ಮತ್ತೆ ಖರ್ಚುಮಾಡುವ ಪ್ರತಿಯೊಂದು ಸಲವೂ ಸ್ವಲ್ಪ ಸೋರಿಹೋಗುತ್ತದೆ. ದಲ್ಲಾಳಿಯ ಕೈ ದಾಟಿದ ಅಡಿಕೆಯಂತೆ, ಪ್ರತಿ ಕೈಯಲ್ಲೂ ಒಂದಿಷ್ಟು ಕಳೆಯುತ್ತದೆ.

ಗಳಿಕೆ ಎಷ್ಟು? ನಮ್ಮ ಲೆಕ್ಕದ ಕಾರನ್ನೇ ತೆಗೆದುಕೊಳ್ಳೋಣ. ಎರಡು ಯೂನಿಟ್ಟಿನಲ್ಲಿ ಟೈರು, ಗಾಳಿಗಳ ಪಾಲು ಕಳೆದು, ಮೋಟಾರು ಮತ್ತು ಬ್ಯಾಟರಿಯ ನಷ್ಟವನ್ನೂ ಕಳೆದರೆ, ಒಂದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಬ್ಯಾಟರಿಗೆ ಸೇರುತ್ತದೆ. ಅಷ್ಟರಲ್ಲಿ ಸಮತಟ್ಟಾದ ರಸ್ತೆಯಲ್ಲಿ ಆರೇಳು ಕಿಲೋಮೀಟರು ಹೋಗಬಹುದು. ಆದರೆ ಅದೇ ಘಾಟಿಯನ್ನು ಏರಲು ಸುಮಾರು ಮೂರು ಯೂನಿಟ್ಟು ಬೇಕು. ಎಂದರೆ ಮೂರು ರೂಪಾಯಿ ಖರ್ಚುಮಾಡಿದ ಕಡೆ ಒಂದು ರೂಪಾಯಿ ಹಿಂದಕ್ಕೆ ಬರುತ್ತದೆ. ಇಳಿಜಾರು ಸಾಲವನ್ನು ಪೂರ್ತಿ ತೀರಿಸದು. ಆದರೆ ಪೆಟ್ರೋಲು ಕಾರಿನಲ್ಲಿ ಆ ಒಂದು ರೂಪಾಯಿಯೂ ಹೊಗೆಯಾಗಿ ಹೋಗುತ್ತಿತ್ತು. ಪೇಟೆಯಲ್ಲಾದರೆ ಲೆಕ್ಕ ಬೇರೆ. ಗಂಟೆಗೆ ೫೦ ಕಿಲೋಮೀಟರು ವೇಗದ ಇದೇ ಕಾರಿನ ಚಲನೆಯಲ್ಲಿರುವ ಶಕ್ತಿ ಒಂದು ಯೂನಿಟ್ಟಿನ ಇಪ್ಪತ್ತೈದನೆಯ ಒಂದು ಭಾಗ ಮಾತ್ರ. ಒಂದು ಸಲ ನಿಲ್ಲಿಸಿದರೆ ಸಿಗುವುದು ಅಲ್ಪ. ಆದರೆ ಬೆಂಗಳೂರಿನಂಥ ನಗರದಲ್ಲಿ ದಿನಕ್ಕೆ ನೂರಾರು ಸಲ ನಿಲ್ಲಬೇಕಾಗುವುದರಿಂದ ಹನಿಗೂಡಿ ಹಳ್ಳವಾಗುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ಅಮೆರಿಕದ ಫ್ರಾಂಕ್ ಸ್ಪ್ರೇಗ್ ೧೮೮೦ರ ದಶಕದಲ್ಲಿಯೇ ರೈಲಿನ ಮೋಟಾರುಗಳಿಂದ ವಿದ್ಯುತ್ತನ್ನು ಹಿಂದಕ್ಕೆ ಪಡೆಯುವ ಕ್ರಮವನ್ನು ರೂಪಿಸಿದ್ದನು. ನಮ್ಮ ಸಹ್ಯಾದ್ರಿಯಲ್ಲಿಯೇ, ಮುಂಬಯಿ–ಪುಣೆಗಳ ನಡುವಿನ ಭೋರ್ ಘಾಟಿಗೆಂದು ೧೯೨೦ರ ದಶಕದ ಕೊನೆಯಲ್ಲಿ ತಂದ ವಿದ್ಯುತ್ ಎಂಜಿನುಗಳಲ್ಲಿ ಈ ತಡೆಯಿತ್ತು. ಇಳಿಯುವ ರೈಲು ಮೇಲಿನ ತಂತಿಗೆ ಹಿಂದಿರುಗಿಸಿದ ವಿದ್ಯುತ್ತು ಏರುವ ಇನ್ನೊಂದು ರೈಲಿಗೆ ನೆರವಾಗುತ್ತಿತ್ತು. ದೆಹಲಿ ಮೆಟ್ರೋ ಇದೇ ಕ್ರಮದಿಂದ ಮಾಡಿದ ಉಳಿತಾಯಕ್ಕಾಗಿ ೨೦೦೭ರಲ್ಲಿ ವಿಶ್ವಸಂಸ್ಥೆಯ ಇಂಗಾಲ ಮಾನ್ಯತೆಯ ಯೋಜನೆಯಲ್ಲಿ ನೋಂದಣಿ ಪಡೆಯಿತು. ೨೦೧೧ರ ಅಕ್ಟೋಬರ್ ೨೦ರಂದು ಓಡತೊಡಗಿದ ಬೆಂಗಳೂರಿನ ನಮ್ಮ ಮೆಟ್ರೋದಲ್ಲಿಯೂ ನಿಲ್ದಾಣಕ್ಕೆ ಬರುವ ರೈಲು ಹೀಗೆಯೇ ವಿದ್ಯುತ್ತನ್ನು ಹಿಂದಿರುಗಿಸುತ್ತದೆ.

ಕಾರಿನ ಮಾತಿಗೆ ಬಂದರೆ, ಕನ್ನಡ ನಾಡಿಗೆ ಇದರಲ್ಲಿ ಹೆಮ್ಮೆಯ ಸ್ಥಾನವಿದೆ. ೧೯೯೪ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ನೇತೃತ್ವದಲ್ಲಿ ಆರಂಭವಾದ ರೇವಾ ಸಂಸ್ಥೆಯು ೨೦೦೧ರಲ್ಲಿ ಎರಡು ಬಾಗಿಲಿನ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿಯೂ ಪುನರುತ್ಪಾದಕ ತಡೆಯಿತ್ತು. ಜಿ-ವಿಜ್ ಎಂಬ ಹೆಸರಿನಲ್ಲಿ ಅದು ಲಂಡನ್ನಿನ ಬೀದಿಗಳಲ್ಲಿಯೂ ಓಡಿತು. ೨೦೧೦ರಲ್ಲಿ ಮಹೀಂದ್ರ ಸಂಸ್ಥೆಯು ಅದನ್ನು ವಹಿಸಿಕೊಂಡಿತು. ಬೆಂಗಳೂರಿನಲ್ಲಿ ಕೇಂದ್ರವಿರುವ ಏಥರ್ ಸಂಸ್ಥೆಯು ೨೦೨೪ರಲ್ಲಿ ಹೊರತಂದ ಒಂದು ಸ್ಕೂಟರಿನಲ್ಲಿ ಹಿಡಿಯನ್ನು ಒಂದು ದಿಕ್ಕಿಗೆ ತಿರುಗಿಸಿದರೆ ಓಟ, ವಿರುದ್ಧ ದಿಕ್ಕಿಗೆ ತಿರುಗಿಸಿದರೆ ತಡೆ. ಇದನ್ನು ಒಂದೇ ಹಿಡಿಯ ಚಾಲನೆ ಎನ್ನಬಹುದು. ೨೦೨೩ರಿಂದ ನಮ್ಮ ರಾಜ್ಯ ರಸ್ತೆ ಸಾರಿಗೆಯ ವಿದ್ಯುತ್ ಬಸ್ಸುಗಳೂ ದೂರದ ಊರುಗಳಿಗೆ ಓಡುತ್ತಿವೆ.

ಸ್ವಿಟ್ಜರ್ಲೆಂಡಿನ ಬೀಲ್ ಎಂಬ ಊರಿನ ಬಳಿಯ ಕಲ್ಲುಗಣಿಯ ಲಾರಿಯೊಂದು ಇನ್ನೂ ವಿಸ್ಮಯಕರವಾದುದು. ಅದು ಗುಡ್ಡದ ಮೇಲಿನಿಂದ ೬೫ ಟನ್ ಕಲ್ಲನ್ನು ತುಂಬಿಕೊಂಡು ಇಳಿಯುತ್ತದೆ, ಖಾಲಿಯಾಗಿ ಏರುತ್ತದೆ. ಇಳಿಯುವಾಗ ತೂಕ ಹೆಚ್ಚು, ಏರುವಾಗ ಕಡಿಮೆ. ಆದ್ದರಿಂದ ಏರುವ ಖರ್ಚಿನ ಬಹುಭಾಗವನ್ನು ಇಳಿತದ ಗಳಿಕೆಯೇ ತುಂಬಿಕೊಡುತ್ತದೆ. ಮಲೆನಾಡಿನ ಬೆಳೆಯನ್ನು ಹೊತ್ತು ಕರಾವಳಿಗೆ ಇಳಿಯುವ ನಮ್ಮ ಲಾರಿಗಳನ್ನು ನೆನೆದಾಗ, ಘಾಟಿಯು ನಮಗೆ ಎಷ್ಟೊಂದು ಶಕ್ತಿಯನ್ನು ದಿನವೂ ಕೊಡುತ್ತಿದೆ, ನಾವು ಅದನ್ನು ಎಷ್ಟು ಸುಲಭವಾಗಿ ಸುಟ್ಟುಬಿಡುತ್ತಿದ್ದೇವೆ ಎಂದು ಅನಿಸದಿರದು.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡಬಾರದು. ಘಾಟಿಯ ಜನ ಇವನ್ನು ಅವಶ್ಯವಾಗಿ ತಿಳಿದಿರಬೇಕು. ಮೊದಲನೆಯದು, ತುಂಬಿದ ಕೊಡಕ್ಕೆ ನೀರು ಹಿಡಿಯದು. ಬ್ಯಾಟರಿ ಪೂರ್ತಿ ತುಂಬಿದ್ದರೆ ಹೊಸ ವಿದ್ಯುತ್ತಿಗೆ ಸ್ಥಳವಿಲ್ಲದೆ ಪುನರುತ್ಪಾದಕ ತಡೆ ಬಹಳ ಕುಗ್ಗುತ್ತದೆ. ಗುಡ್ಡದ ಮೇಲಿನ ಮನೆಯಲ್ಲಿ ರಾತ್ರಿಯೆಲ್ಲಾ ತುಂಬಿಸಿ, ಬೆಳಿಗ್ಗೆ ನೇರವಾಗಿ ಘಾಟಿ ಇಳಿಯುವವರು ಬ್ಯಾಟರಿಯಲ್ಲಿ ಸ್ವಲ್ಪ ಜಾಗ ಉಳಿಸಿಕೊಂಡು ಹೊರಡುವುದು ಒಳಿತು. ಎರಡನೆಯದು, ಈ ತಡೆ ಮೋಟಾರು ಜೋಡಿಸಿದ ಚಕ್ರಗಳಿಗೆ ಮಾತ್ರ. ಮುಂದಿನ ಅಥವಾ ಹಿಂದಿನ ಎರಡೇ ಚಕ್ರಗಳಿಗೆ ಮೋಟಾರಿದ್ದರೆ, ಮಳೆಗಾಲದಲ್ಲಿ ಎಲೆ ಕೊಳೆತು ಪಾಚಿಗಟ್ಟಿದ ರಸ್ತೆಯ ಮೇಲೆ ಕಾಲನ್ನು ತಟ್ಟನೆ ಬಿಟ್ಟಾಗ ಆ ಚಕ್ರಗಳು ಜಾರುವ ಸಂಭವವುಂಟು. ಜಾರಿಕೆಯನ್ನು ತಡೆಯುವ ಉಪಾಯಗಳು ಕಾರಿನಲ್ಲಿದ್ದರೂ ಕಾಲನ್ನು ಮೆಲ್ಲಗೆ ಸಡಿಲಿಸುವುದು ಕ್ಷೇಮ. ಮೂರನೆಯದು, ಉಜ್ಜುವ ಬ್ರೇಕನ್ನು ಬಹುಕಾಲ ಬಳಸದಿದ್ದರೆ ನಮ್ಮ ಮಳೆಯಲ್ಲಿ ಅದರ ಬಿಲ್ಲೆಗೆ ತುಕ್ಕು ಹಿಡಿಯುತ್ತದೆ. ಆಗಾಗ ಅದನ್ನು ಒತ್ತಿ ಬಳಸಬೇಕು. ನಾಲ್ಕನೆಯದು, ಅಭ್ಯಾಸ. ಕಾಲು ಬಿಟ್ಟರೆ ನಿಲ್ಲುವ ಕಾರಿಗೆ ಒಗ್ಗಿದವರು ಆಪತ್ತಿನ ಗಳಿಗೆಯಲ್ಲಿ ಬ್ರೇಕಿನ ಪೆಡಲನ್ನು ಮರೆಯಬಾರದು. ಹಠಾತ್ತನೆ ನಿಲ್ಲಿಸಲು ಅದೇ ಗತಿ. ಕೊನೆಯದಾಗಿ, ವಿದ್ಯುತ್ ಕಾರಿನಲ್ಲಿಯೂ ನ್ಯೂಟ್ರಲ್ಲು ಇದೆ. ಅದಕ್ಕೆ ಹಾಕಿದರೆ ತಡೆಯೂ ಇಲ್ಲ, ಗಳಿಕೆಯೂ ಇಲ್ಲ.

ಇದನ್ನೆಲ್ಲಾ ಅಲ್ಲಿ ಇಲ್ಲಿ ಓದಿ, ಬಲ್ಲವರನ್ನು ಕೇಳಿ ತಿಳಿದು, ಚಿಕ್ಕಪ್ಪನಿಗೆ ವಿವರಿಸಿದೆ. ಡೈನಮೋದ ಮಾತಿಗೆ ಬಂದಾಗ ಅವರು ತಲೆದೂಗಿದರು. ಅವರ ಹಳೆಯ ಸೈಕಲ್ಲಿನಲ್ಲಿ ಅದು ಇತ್ತು. “ಹಂಗಾದ್ರೆ ಗೇರು ಇಲ್ಲ ಅನ್ನೋದು ಸುಳ್ಳು, ಮೋಟ್ರೇ ಗೇರು” ಎಂದರು. ನನ್ನ ಅರ್ಧ ಗಂಟೆಯ ಉಪನ್ಯಾಸವನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಒಂದು ತಿಂಗಳು ಊರಿನ ರಸ್ತೆಯಲ್ಲಿಯೇ ಅಭ್ಯಾಸ ಮಾಡಿದ ಮೇಲೆ, ಯಜಮಾನರ ಮನೆಯವರನ್ನು ಉಡುಪಿಯ ಕಡೆಗೆ ಕರೆದೊಯ್ಯುವ ದಿನ ಬಂತು. ನಾನೂ ಜೊತೆಗಿದ್ದೆ. ಆಗುಂಬೆಯಲ್ಲಿ ಚಿಕ್ಕಪ್ಪ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಯಾರೂ ಅವಸರ ಮಾಡಲಿಲ್ಲ. ತಡೆಯನ್ನು ಅತಿ ಹೆಚ್ಚಿನ ಮಟ್ಟಕ್ಕೆ ಇಟ್ಟು ಹೊರಟರು. ಹದಿನಾಲ್ಕು ತಿರುವುಗಳಲ್ಲಿ ಅವರ ಕಾಲು ಬ್ರೇಕಿನ ಪೆಡಲಿಗೆ ಹೋದದ್ದು ಮೂರೋ ನಾಲ್ಕೋ ಸಲ. ಮೇಲೆ ಹೊರಟಾಗ ಬ್ಯಾಟರಿಯ ಗುರುತು ನೂರಕ್ಕೆ ೫೮ ಎಂದಿತ್ತು. ಸೋಮೇಶ್ವರದಲ್ಲಿ ೬೧ ಎಂದಿತ್ತು. ಸುಮಾರು ನಲವತ್ತು ಯೂನಿಟ್ಟು ಹಿಡಿಯುವ ಬ್ಯಾಟರಿಗೆ ನಮ್ಮ ಲೆಕ್ಕ ಸರಿಯಾಗಿಯೇ ಹೊಂದಿತು.

ಆ ಅಂಕಿಯನ್ನು ನಾನು ತೋರಿಸಿದರೂ ಚಿಕ್ಕಪ್ಪ ಅಷ್ಟಾಗಿ ನೋಡಲಿಲ್ಲ. ಇಳಿದು, ಮುಂದಿನ ಚಕ್ರದ ಬಳಿ ಕುಳಿತು, ಹಳೆಯ ರೂಢಿಯಂತೆ ಅಂಗೈಯನ್ನು ಹತ್ತಿರ ಹಿಡಿದು ಕಾವು ನೋಡಿದರು. ಮೂಗಿಗೆ ಯಾವ ವಾಸನೆಯೂ ಬರಲಿಲ್ಲ. ಎದ್ದು ಕೈ ಒರೆಸಿಕೊಂಡು, “ಹತ್ತು, ಹೊತ್ತಾಯ್ತು” ಎಂದರು. ಈಗ ಅವರು ಆ ಮನೆಯಲ್ಲಿಯೇ ಕೆಲಸದಲ್ಲಿದ್ದಾರೆ.

— ಅಂತಿಮ ಬಿ.ಎ. ವಿದ್ಯಾರ್ಥಿನಿ, ಕಡಹಿನಬೈಲು